ಎರಡೂವರೆ ಕಿಲೋ

ಶಿವಮೊಗ್ಗದ ಹೊಸಮನೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ ವೀರೇಂದ್ರನಿಗೆ ದೇವರು ಏನು ಕಡಿಮೆ ಮಾಡಿದ್ದ, ನೀವೇ ಹೇಳಿ. ರಸ್ತೆಗೇ ಮುಖ ಮಾಡಿದ ಅಂಗಡಿ, ಅದರ ಬೆನ್ನಿಗೆ ಸ್ವಂತ ಮನೆ, ಜಗದಾಂಬಾಳಂಥ ಹೆಂಡತಿ, ಬಿ.ಕಾಂ. ಓದುತ್ತಿರುವ ಮಗಳು ಸ್ಫೂರ್ತಿ. ನಲವತ್ತೆಂಟರ ವಯಸ್ಸಿನಲ್ಲೂ ಸಿಮೆಂಟ್ ಚೀಲ ಇಳಿಸಲು ಹಮಾಲಿ ಬರಲಿಲ್ಲವೆಂದರೆ ಕಾಯುವವನಲ್ಲ; ತಾನೇ ಹೆಗಲಿಗೇರಿಸಿ ಒಳಗಿಟ್ಟು ಕೈ ಕೊಡವಿಕೊಳ್ಳುತ್ತಿದ್ದ. ಶುಗರ್ ಇಲ್ಲ, ಬಿಪಿ ಇಲ್ಲ, ಮೊಣಕಾಲು ನೋವಿಲ್ಲ. ಇಷ್ಟೆಲ್ಲ ಇದ್ದೂ ಮನುಷ್ಯ ಸುಖವಾಗಿರಲಿಲ್ಲ. ಕಾರಣ ಇಷ್ಟೇ: ಅತ್ತ ಭದ್ರಾವತಿಯಲ್ಲಿ ದುಶ್ಯಂತ್ ಎಂಬ ಇನ್ನೊಬ್ಬ ಮನುಷ್ಯ ಸುಖವಾಗಿದ್ದ.

ಇಬ್ಬರೂ ಪವರ್‌ಲಿಫ್ಟಿಂಗ್ ಮಾಡುವವರು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅದರಲ್ಲಿ ಎತ್ತುವುದು ಮೂರು ಬಗೆ. ಕಬ್ಬಿಣದ ಸರಳಿಗೆ ಎರಡೂ ಕಡೆ ತೂಕದ ಬಿಲ್ಲೆ ಸಿಕ್ಕಿಸಿ ಹೆಗಲ ಮೇಲೆ ಹೊತ್ತು ಕುಕ್ಕರಗಾಲಲ್ಲಿ ಕುಳಿತು ಏಳುವುದು ಸ್ಕ್ವಾಟ್. ಬೆಂಚಿನ ಮೇಲೆ ಅಂಗಾತ ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು ಬೆಂಚ್ ಪ್ರೆಸ್. ನೆಲದ ಮೇಲಿರುವುದನ್ನು ಹಿಡಿದೆತ್ತಿ ನೆಟ್ಟಗೆ ನಿಲ್ಲುವುದು ಡೆಡ್‌ಲಿಫ್ಟ್. ಒಂದೊಂದಕ್ಕೂ ಮೂರು ಅವಕಾಶ. ಮೂರರಲ್ಲೂ ಎತ್ತಿದ ಅತಿ ಹೆಚ್ಚಿನ ತೂಕ ಕೂಡಿಸಿ, ಯಾರ ಮೊತ್ತ ಜಾಸ್ತಿಯೋ ಅವನು ಗೆದ್ದ. ಆನೆಗೂ ಆಡಿಗೂ ಜೋಡಿ ಕಟ್ಟಬಾರದೆಂದು ಮೈತೂಕದ ಮೇಲೆ ಕ್ಲಾಸುಗಳಿರುತ್ತವೆ. ಇವರಿಬ್ಬರದೂ ಎಂಬತ್ಮೂರು ಕಿಲೋ ಕ್ಲಾಸು. ಸ್ಪರ್ಧೆಯ ಬೆಳಿಗ್ಗೆ ತೂಕದ ಮೆಷಿನ್ ಮೇಲೆ ನಿಂತಾಗ ಎಂಬತ್ಮೂರರ ಒಳಗಿರಬೇಕು. ಒಂದು ಹಿಡಿ ಅಕ್ಕಿಯಷ್ಟು ಮೇಲಾದರೂ ಮುಂದಿನ ಕ್ಲಾಸಿಗೆ, ಅಂದರೆ ತೊಂಬತ್ಮೂರಕ್ಕೆ, ಹೋಗಬೇಕು.

ಇವರ ಪರಿಚಯ ಆಗಿದ್ದು ಭದ್ರಾವತಿಯ ಹಳೇನಗರದ ಒಂದು ಗರಡಿಯಲ್ಲಿ, ಇಬ್ಬರಿಗೂ ಇನ್ನೂ ಮದುವೆಯಾಗಿರದ ಕಾಲದಲ್ಲಿ. ಊರಿನ ಉಕ್ಕಿನ ಕಾರ್ಖಾನೆಯ ತಮಿಳರು, ತೆಲುಗರು, ನಮ್ಮವರು ಎಲ್ಲ ಶಿಫ್ಟ್ ಮುಗಿಸಿ ಬಂದು ಎತ್ತುತ್ತಿದ್ದ ಜಾಗ ಅದು. ಬಿಲ್ಲೆಗಳನ್ನೂ ಅವರೇ ಎರಕ ಹೊಯ್ಸಿಕೊಂಡಿದ್ದರು. ವೀರೇಂದ್ರ ಶಿವಮೊಗ್ಗದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ. ದುಶ್ಯಂತ್ ಆಗಷ್ಟೇ ಕಾರ್ಖಾನೆಗೆ ಸೇರಿದ್ದ ರೈತರ ಮನೆ ಹುಡುಗ. ಮುಂದೆ ಕಾರ್ಖಾನೆಯ ಕೆಲಸ ಹೋಗಿ, ಶಂಕರಘಟ್ಟದ ಯೂನಿವರ್ಸಿಟಿಗೆ ಜನರನ್ನು ಕರೆದೊಯ್ಯುವ ಬಸ್ಸಿಗೆ ಡ್ರೈವರ್ ಆದ. ಕೆಲಸ ಹೋದಾಗಲೂ ನಗುತ್ತಿದ್ದ, ಸಿಕ್ಕಾಗಲೂ ನಗುತ್ತಿದ್ದ. ವೀರೇಂದ್ರನಿಗೆ ಮೊದಲು ಆಗದೇ ಹೋಗಿದ್ದು ಆ ನಗುವೇ.

ಇಬ್ಬರೂ ಕೂಡಿ ಇಳಿದ ಮೊದಲ ಜಿಲ್ಲಾ ಸ್ಪರ್ಧೆಯಲ್ಲಿ ವೀರೇಂದ್ರ ಡೆಡ್‌ಲಿಫ್ಟಿನ ಕೊನೆಯ ಸರದಿಯಲ್ಲಿ ಕಣ್ಣುಗುಡ್ಡೆ ಹೊರಬರುವಂತೆ ಎತ್ತಿ ಎಲ್ಲರಿಗಿಂತ ಮುಂದೆ ಹೋದ. ಚಿನ್ನ ತನ್ನದೇ ಎಂದುಕೊಂಡು ಟವೆಲ್ ಹೊದ್ದು ಕುಳಿತ. ಆಮೇಲೆ ದುಶ್ಯಂತ್ ಬಂದ. ಅವನು ಅಷ್ಟರಲ್ಲಿ ಲೆಕ್ಕ ಬರೆಯುವ ಟೇಬಲ್ಲಿನವರ ಹತ್ತಿರ ಹೋಗಿ ತನ್ನ ತೂಕ ಬದಲಿಸಿ ಹೇಳಿದ್ದ. ವೀರೇಂದ್ರನ ಮೊತ್ತದ ಮೇಲೆ ಎರಡೂವರೆ ಕಿಲೋ ಬರುವಷ್ಟು, ಅಷ್ಟೇ. ಅದಕ್ಕಿಂತ ಕಡಿಮೆ ಏರಿಸಲು ನಿಯಮದಲ್ಲಿ ಜಾಗವೇ ಇಲ್ಲ. ಎತ್ತಿದ, ಇಳಿಸಿದ, ನಕ್ಕ, ಬಂದು ವೀರೇಂದ್ರನನ್ನು ತಬ್ಬಿಕೊಂಡ.

ಒಂದು ಸಲ ಆಗಿದ್ದರೆ ಗ್ರಹಚಾರ ಅನ್ನಬಹುದಿತ್ತು. ಮರುವರ್ಷವೂ ಅದೇ, ಅದರ ಮರುವರ್ಷವೂ ಅದೇ. ಐವತ್ತು ಕಿಲೋ ಅಂತರದಲ್ಲಿ ಸೋತಿದ್ದರೆ ವೀರೇಂದ್ರ ಕೈಮುಗಿದು, ನೀನು ದೊಡ್ಡವನಪ್ಪ ಎಂದು ಅಂಗಡಿ ನೋಡಿಕೊಂಡು ಇದ್ದುಬಿಡುತ್ತಿದ್ದ. ಎರಡೂವರೆ ಕಿಲೋ ಎಂದರೆ ಏನು ಮಹಾ? ಅವನ ಅಂಗಡಿಯಲ್ಲಿ ಎರಡೂವರೆ ಕಿಲೋ ಮೊಳೆಯನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೆಂಗಸರು ತರಕಾರಿ ಚೀಲದಲ್ಲಿ ಹಾಕಿಕೊಂಡು ಹೋಗುತ್ತಾರೆ. ಅಷ್ಟಕ್ಕೋಸ್ಕರ ಒಬ್ಬ ಗಂಡಸು ವರ್ಷವರ್ಷವೂ ಎರಡನೇ ಮೆಟ್ಟಿಲ ಮೇಲೆ ನಿಂತು ಬೆಳ್ಳಿ ಪದಕಕ್ಕೆ ಕತ್ತು ಬಗ್ಗಿಸಬೇಕೆಂದರೆ! ಇನ್ನೊಂದು ವರ್ಷ ವೀರೇಂದ್ರ ಐದು ಕಿಲೋ ಏರಿಸಿದರೆ ದುಶ್ಯಂತನೂ ಏರಿಸುತ್ತಿದ್ದ, ಮತ್ತೆ ಅದೇ ಎರಡೂವರೆ ಉಳಿಯುತ್ತಿತ್ತು. ನಲವತ್ತು ದಾಟಿದವರ ವಿಭಾಗಕ್ಕೆ ಬಂದ ಮೇಲಂತೂ ಆ ಕ್ಲಾಸಿನಲ್ಲಿ ಇವರಿಬ್ಬರನ್ನು ಬಿಟ್ಟರೆ ಮೂರನೆಯವನು ಅಪರೂಪ. ಸೋಲು ಇನ್ನೂ ಎದ್ದು ಕಾಣುತ್ತಿತ್ತು.

ಒಂದು ವರ್ಷ ಇಬ್ಬರ ಮೊತ್ತವೂ ಸಮವಾಯಿತು. ಹಾಗಾದಾಗ ಮೈತೂಕ ಕಡಿಮೆ ಇದ್ದವನಿಗೆ ಮೊದಲ ಸ್ಥಾನ. ವೀರೇಂದ್ರ ಆ ಬೆಳಿಗ್ಗೆ, ತನಗೇನು ತೂಕದ ಭಯವಿಲ್ಲವಲ್ಲ ಎಂದು, ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಇಡ್ಲಿ ವಡೆ ತಿಂದು ಮೆಷಿನ್ ಹತ್ತಿದ್ದ. ದುಶ್ಯಂತ್ ಹಿಂದಿನ ಸಂಜೆಯಿಂದ ನೀರನ್ನೂ ಮುಟ್ಟಿರಲಿಲ್ಲ. ಸಮ ಎತ್ತಿದರೂ ಸಾಕು ಎಂಬುದು ಅವನಿಗೆ ಗೊತ್ತಿತ್ತು. ಅಷ್ಟೇ ಎತ್ತಿ ಗೆದ್ದ. ಆವತ್ತಿನಿಂದ ವೀರೇಂದ್ರನ ಮನೆಯಲ್ಲಿ ಭಾನುವಾರ ಬೆಳಿಗ್ಗೆ ದೋಸೆ ಮಾತ್ರ.

ಹೊಟ್ಟೆಕಿಚ್ಚು ಎಂಬುದು ಹೊರಗೆ ಹೊಗೆಯಾಡುವಂಥದ್ದಲ್ಲ. ಹೊರಗೆ ಇಬ್ಬರೂ ಜೀವದ ಗೆಳೆಯರು. ಆದರೆ ವೀರೇಂದ್ರ ವೀರಶೈವರ ಮನೆಯವನು, ಮೊಟ್ಟೆಯ ವಾಸನೆಯೂ ಆಗದು. ನೆನೆಸಿದ ಹೆಸರುಕಾಳು, ಶೇಂಗಾ, ಹಾಲು, ಡಬ್ಬಿಯ ಪ್ರೊಟೀನ್ ಪುಡಿ, ಇಷ್ಟರಲ್ಲೇ ಅವನ ಶಕ್ತಿ. ದುಶ್ಯಂತನ ಹೆಂಡತಿ ಪುಟ್ಟಲಕ್ಷ್ಮಿ ಸ್ಪರ್ಧೆಗೆ ಬರುವಾಗ ಬೇಯಿಸಿದ ಮೊಟ್ಟೆಯ ಡಬ್ಬಿ ತರುತ್ತಿದ್ದಳು. ಅದರ ಮುಚ್ಚಳ ತೆಗೆದಾಗಲೆಲ್ಲ ವೀರೇಂದ್ರನಿಗೆ ತಾನು ಕಳೆದುಕೊಂಡ ಎರಡೂವರೆ ಕಿಲೋ ಅದರೊಳಗೇ ಕುಳಿತಂತೆ ಕಾಣುತ್ತಿತ್ತು. ಕೋಳಿ ತಿನ್ನುವವನಿಗೇನು ಬಿಡು ಎಂದು ಹೆಂಡತಿಯ ಹತ್ತಿರ ಗೊಣಗುತ್ತಿದ್ದ. ಹಾಗಾದರೆ ನೀವೂ ತಿನ್ನಿ, ಯಾರು ಬೇಡ ಅಂದವರು ಎಂದು ಜಗದಾಂಬಾ ಒಮ್ಮೆ ಅಂದಿದ್ದಕ್ಕೆ ಸಿಟ್ಟಾಗಿ ಅವಳ ಜೊತೆ ಮಾತೇ ಬಿಟ್ಟಿದ್ದ.

ದುಶ್ಯಂತನಿಗೆ ನೆಗಡಿ ಎಂದು ತಿಳಿದರೆ ಒಳಗೊಳಗೇ ಹಾಯೆನಿಸುತ್ತಿತ್ತು; ಆಮೇಲೆ ನಾಚಿಕೆಯಾಗಿ ಫೋನ್ ಮಾಡಿ ಕಷಾಯ ಹೇಳಿಕೊಡುತ್ತಿದ್ದ. ದುಶ್ಯಂತನ ಮಗಳು ಮೋನಿಕಾಳ ಮದುವೆಯಲ್ಲಿ ಮುಂದೆ ನಿಂತು ಓಡಾಡಿದವನೂ ವೀರೇಂದ್ರನೇ. ಬೀಗರು ದುಶ್ಯಂತನ ತೋಳು ಮುಟ್ಟಿ ಹೊಗಳಿದ್ದು ಕೇಳಿ, ಊಟ ಸೇರದೆ ಎಲೆ ಬಿಟ್ಟು ಎದ್ದವನೂ ಅವನೇ. ಬೇರೆ ಯಾರು ಗೆದ್ದರೂ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಕುಂಸಿಯ ಹೂವಪ್ಪ ತೊಂಬತ್ಮೂರರ ಕ್ಲಾಸಿನಲ್ಲಿ ಪ್ರತಿವರ್ಷ ಚಿನ್ನ ಹೊಡೆಯುತ್ತಿದ್ದ, ಅವನನ್ನು ಕಂಡರೆ ವೀರೇಂದ್ರನಿಗೆ ಪ್ರೀತಿಯೇ. ಅವನಿಗೆ ಬೇಕಾಗಿದ್ದುದು ಇಷ್ಟು: ಒಂದೇ ಒಂದು ಸಲ ತಾನು ಮೇಲೆ, ದುಶ್ಯಂತ್ ಕೆಳಗೆ. ಬೆನ್ನು ಇನ್ನೆಷ್ಟು ವರ್ಷ ಮಾತು ಕೇಳುತ್ತದೋ, ಅಷ್ಟರೊಳಗೆ ಅದೊಂದು ಆಗಿಬಿಡಬೇಕು.

ಈ ವರ್ಷದ ಸ್ಪರ್ಧೆ ಭದ್ರಾವತಿಯ ಒಂದು ಕಲ್ಯಾಣ ಮಂಟಪದಲ್ಲಿ, ಭಾನುವಾರ ಎಂದು ಗೊತ್ತಾಯಿತು. ಅದೇ ಹೊತ್ತಿಗೆ ವೀರೇಂದ್ರನ ಮನೆಯ ಮೇಲೆ ಕಟ್ಟಿಸುತ್ತಿದ್ದ ಮಹಡಿಯ ಕೆಲಸವೂ ಮುಗಿದಿತ್ತು. ಗೃಹಪ್ರವೇಶಕ್ಕೆ ಅಯ್ಯನವರು ಎರಡು ದಿನ ನೋಡಿ ಹೇಳಿದರು. ಒಂದು, ಸ್ಪರ್ಧೆಯ ಹಿಂದಿನ ಶನಿವಾರ. ಇನ್ನೊಂದು, ಅದಾಗಿ ಎರಡು ವಾರಕ್ಕೆ. ಎರಡನೆಯದೇ ಇರಲಿ, ಶನಿವಾರ ಇಟ್ಟುಕೊಂಡರೆ ಇವರಿಗೆ ಮರುದಿನ ಸ್ಪರ್ಧೆಗೆ ತೊಂದರೆ ಎಂದು ಜಗದಾಂಬಾ ಹೇಳಿದಳು. ವೀರೇಂದ್ರ ಹೂಂ ಎನ್ನಲು ಬಾಯಿ ತೆರೆದವನು ಹಾಗೇ ನಿಂತುಬಿಟ್ಟ.

ಅವನ ತಲೆಯಲ್ಲಿ ಓಡಿದ್ದು ಇದು. ದುಶ್ಯಂತನದು ದೊಡ್ಡ ಮೂಳೆಯ ಮೈ, ಮಾಮೂಲು ದಿನಗಳಲ್ಲಿ ಎಂಬತ್ತಾರರ ಮೇಲೇ ಇರುತ್ತಾನೆ. ಪ್ರತಿವರ್ಷ ಸ್ಪರ್ಧೆಯ ಹಿಂದಿನ ವಾರ ಹೊಟ್ಟೆ ಕಟ್ಟಿಕೊಂಡು ಎಂಬತ್ಮೂರಕ್ಕೆ ಇಳಿಯುತ್ತಾನೆ. ಕೊನೆಯ ದಿನ ಅರ್ಧ ಲೋಟ ಮಜ್ಜಿಗೆಯಲ್ಲೇ ಕಳೆಯುತ್ತಾನೆ. ಆ ದಿನವೇ ಅವನ ಮುಂದೆ ಹೋಳಿಗೆ ಎಲೆ ಹಾಕಿದರೆ? ಗೆಳೆಯನ ಗೃಹಪ್ರವೇಶಕ್ಕೆ ಬಾರದೆ ಇರುವಂತಿಲ್ಲ, ಬಂದು ಉಣ್ಣದೆ ಹೋಗುವಂತಿಲ್ಲ. ವೀರೇಂದ್ರನೋ ಮನೆಯ ಯಜಮಾನ. ಬಂದವರೆಲ್ಲ ಉಂಡು ಏಳುವ ತನಕ ಅವನು ಕೂರುವುದೇ ಇಲ್ಲ, ಅವನು ಏನು ಉಂಡ ಎಂದು ಕೇಳುವವರೂ ಇಲ್ಲ. ಎಂಬತ್ಮೂರು ದಾಟಿದರೆ ದುಶ್ಯಂತ್ ಹೋಗಬೇಕಾದ್ದು ಹೂವಪ್ಪನ ಕ್ಲಾಸಿಗೆ. ಅಲ್ಲಿ ಅವನು ಎರಡನೆಯವನು, ಇಲ್ಲಿ ತಾನು ಮೊದಲನೆಯವನು. ಶನಿವಾರವೇ ಆಗಲಿ, ಒಳ್ಳೆ ಕೆಲಸ ಮುಂದೂಡಬಾರದು ಎಂದ. ಜಗದಾಂಬಾ ಗಂಡನ ಮುಖವನ್ನೊಮ್ಮೆ ನೋಡಿ ಕ್ಯಾಲೆಂಡರಿನಲ್ಲಿ ಶನಿವಾರಕ್ಕೆ ಗುರುತು ಹಾಕಿದಳು.

ಶನಿವಾರ ಮಧ್ಯಾಹ್ನ ದುಶ್ಯಂತ್ ಪುಟ್ಟಲಕ್ಷ್ಮಿಯ ಜೊತೆ ಬಂದ. ಕೆನ್ನೆ ಒಳಗೆ ಹೋಗಿತ್ತು, ತುಟಿ ಒಣಗಿತ್ತು. ಬಾಗಿಲಲ್ಲೇ ವೀರೇಂದ್ರನ ಕೈ ಹಿಡಿದು, ಊಟಕ್ಕೆ ಮಾತ್ರ ಬಲವಂತ ಬೇಡ, ಇನ್ನೊಂದು ಚೂರು ಇಳಿಯಬೇಕು, ಸಂಪ್ರದಾಯಕ್ಕೆ ಒಂದು ಹೋಳಿಗೆ ಮುರಿದು ಏಳುತ್ತೇನೆ ಎಂದ. ವೀರೇಂದ್ರ ಅವನ ಬೆನ್ನ ಮೇಲೆ ಕೈಯಿಟ್ಟು ಒಳಗೆ ಕರೆದೊಯ್ದು ಮೊದಲ ಪಂಕ್ತಿಯಲ್ಲೇ ಕೂರಿಸಿದ.

ನಮ್ಮ ಕಡೆ ಬಡಿಸುವುದನ್ನು ನೀವು ನೋಡಿದ್ದೀರಿ. ಬೇಡ ಎಂದರೆ ಒಂದು, ಸಾಕು ಎಂದರೆ ಇನ್ನೊಂದು, ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಸಂದಿಯಲ್ಲಿ ಮತ್ತೊಂದು. ಉಂಡವನು ಗೋಡೆ ಹಿಡಿದು ಏಳುವಂತಾದರೆ ಮನೆಯವರಿಗೆ ಸಮಾಧಾನ. ಯಾವ ಪುಣ್ಯಾತ್ಮರು ಯಾವ ಒಳ್ಳೆ ಮನಸ್ಸಿನಿಂದ ಈ ಪದ್ಧತಿ ಮಾಡಿದರೋ, ಅದನ್ನು ಹಿಡಿದು ಒಬ್ಬ ಹೊಟ್ಟೆಕಿಚ್ಚಿನವನು ಇಂಥ ಕೆಲಸ ಮಾಡಿಯಾನೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ವೀರೇಂದ್ರ ಪಂಚೆ ಎತ್ತಿ ಕಟ್ಟಿ ಹೋಳಿಗೆಯ ತಟ್ಟೆಯನ್ನು ತಾನೇ ಹಿಡಿದ. ಮೊದಲನೆಯದು ದುಶ್ಯಂತ್ ಒಪ್ಪಿದ್ದೇ. ಎರಡನೆಯದನ್ನು, ಇದು ನಿಮ್ಮ ಅತ್ತಿಗೆ ಕೈಯಾರೆ ತಟ್ಟಿದ್ದು ಎಂದು ಹಾಕಿದ. ಮೂರನೆಯದನ್ನು ಸ್ಫೂರ್ತಿಯ ಹೆಸರು ಹೇಳಿ ಹಾಕಿದ. ತುಪ್ಪದ ಮಿಳ್ಳೆಯನ್ನು ಬಗ್ಗಿಸಿದವನು ಎತ್ತುವುದನ್ನೇ ಮರೆತ.

"ಸಾಕು ಮಾರಾಯ, ನಾಳೆ ತೂಕ ಇದೆ" ಎಂದು ದುಶ್ಯಂತ್ ಎಲೆಯ ಮೇಲೆ ಬಾಗಿದ.

"ನನ್ನ ಮನೆ ಗೃಹಪ್ರವೇಶ ಇನ್ನೊಂದು ಸಲ ಬರುತ್ತೇನೋ? ನೀನು ಅರ್ಧ ಹೊಟ್ಟೆ ಉಂಡು ಎದ್ರೆ ನಂಗೆ ಬೇಜಾರಾಗುತ್ತೆ, ಅಷ್ಟೇ."

ವಾರದಿಂದ ಹಸಿದ ಮನುಷ್ಯನ ಮೂಗಿಗೆ ಏಲಕ್ಕಿಯ, ಕಾಯಿಸಿದ ತುಪ್ಪದ ಪರಿಮಳ ಬಡಿದರೆ ಅವನಾದರೂ ಏನು ಮಾಡಿಯಾನು? ನಾಲ್ಕನೆಯದಕ್ಕೆ ಕೈ ಅಡ್ಡ ಬರಲಿಲ್ಲ. ಆಮೇಲೆ ಚಿತ್ರಾನ್ನ, ಹೋಳಿಗೆ ಸಾರು, ಅನ್ನ. ಉಪ್ಪು ಹೊಕ್ಕ ಮೈ ನೀರು ಬಿಡುವುದಿಲ್ಲವೆಂಬುದು ಭಾರ ಎತ್ತುವವರಿಗೆಲ್ಲ ಗೊತ್ತಿರುವ ವಿಷಯ. ಅದಕ್ಕೆಂದೇ ವೀರೇಂದ್ರ ಹಪ್ಪಳ, ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿಗಳನ್ನು ನೆನಪಿಟ್ಟು ನೆನಪಿಟ್ಟು ತಂದು ಹಾಕಿದ. ಪುಟ್ಟಲಕ್ಷ್ಮಿ ಪಕ್ಕದಲ್ಲಿ ಕುಳಿತು, ಇಂಥ ಗೆಳೆಯ ಸಿಗಲು ಪುಣ್ಯ ಮಾಡಿರಬೇಕು ಎಂದು ಆಚೆ ಎಲೆಯವರಿಗೆ ಹೇಳುತ್ತಿದ್ದಳು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಜಗದಾಂಬಾಳಿಗೆ ತಡವಾಗಿಯಾದರೂ ಅರ್ಥವಾಯಿತು. ತಟ್ಟೆ ತುಂಬಿಸಲು ಬಂದ ಗಂಡನನ್ನು ತಡೆದು ನಿಲ್ಲಿಸಿದಳು.

"ಏನ್ರೀ ಇದು? ಅವರಿಗೆ ನಾಳೆ ತೂಕ ಅಲ್ವಾ?"

"ಮನೆಗೆ ಬಂದೋರಿಗೆ ಬಡಿಸಬಾರದೇನೇ?"

"ಬಡಿಸಿ. ಆದ್ರೆ ನಿಮ್ಮ ಮುಖದಲ್ಲಿ ಬಡಿಸೋ ಕಳೆ ಇಲ್ಲ."

ವೀರೇಂದ್ರ ತಟ್ಟೆ ತೆಗೆದುಕೊಂಡು ಮತ್ತೆ ಅದೇ ಎಲೆಯ ಹತ್ತಿರ ಹೋದ. ಎಲ್ಲರೂ ಉಂಡು ಹೋದ ಮೇಲೆ ತಾನು ಒಂದು ಮುಷ್ಟಿ ಮೊಸರನ್ನ ತಿಂದು, ಹೊಟ್ಟೆ ಸರಿಯಿಲ್ಲ ಎಂದು ಎದ್ದ. ಒಂದು ರೀತಿಯಲ್ಲಿ ಅದು ಸುಳ್ಳೂ ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಕಲ್ಯಾಣ ಮಂಟಪದಲ್ಲಿ ವಧುವಿನ ಕೋಣೆಯಲ್ಲೇ ತೂಕದ ಮೆಷಿನ್ ಇಟ್ಟಿದ್ದರು. ದೊಡ್ಡ ಕನ್ನಡಿಯ ಮುಂದೆ ಎಮ್ಮೆಯಂಥ ಗಂಡಸರು ಚಡ್ಡಿಯಲ್ಲಿ ಸಾಲಾಗಿ ನಿಂತಿದ್ದರು. ವೀರೇಂದ್ರ ಎಂಬತ್ತೆರಡು ಚಿಲ್ಲರೆ ತೂಗಿದ. ದುಶ್ಯಂತ್ ಹತ್ತಿದಾಗ ಮೆಷಿನ್ ಎಂಬತ್ನಾಲ್ಕು ದಾಟಿ ನಿಂತಿತು. ಟೇಬಲ್ಲಿನವರು, ಇನ್ನೂ ಗಂಟೆ ಹೊತ್ತಿದೆ, ಓಡಿ ಬೆವರಿಳಿಸಿಕೊಂಡು ಬನ್ನಿ ಎಂದರು. ವೀರೇಂದ್ರ ಗೋಡೆಯ ಗಡಿಯಾರ ನೋಡಿದ. ಹಿಂದೊಮ್ಮೆ ದುಶ್ಯಂತ್ ಉರಿಬಿಸಿಲಲ್ಲಿ ರೈನ್‌ಕೋಟ್ ತೊಟ್ಟು ಓಡಿ ತೂಕ ಇಳಿಸಿಕೊಂಡು ಬಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆದರೆ ಈ ಸಲ ದುಶ್ಯಂತ್ ಹೊಟ್ಟೆ ಸವರಿಕೊಂಡು ನಕ್ಕುಬಿಟ್ಟ. ಇಷ್ಟು ಇಳಿಸಬೇಕಾದರೆ ಶಂಕರಘಟ್ಟಕ್ಕೇ ಓಡಬೇಕಾಗುತ್ತದೆ ಸಾರ್, ತೊಂಬತ್ಮೂರಕ್ಕೇ ಹಾಕಿ ಎಂದು ಹೇಳಿ ಕೆಳಗಿಳಿದ.

ವೀರೇಂದ್ರನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೊರಗೆ ಛೆ ಛೆ ಎಂದ, ನನ್ನಿಂದಲೇ ಹೀಗಾಯಿತಲ್ಲ ಎಂದ, ದುಶ್ಯಂತನ ಹೆಗಲು ಹಿಡಿದು ಅಲ್ಲಾಡಿಸಿದ. ಎಂಬತ್ಮೂರಕ್ಕೆ ಈಗ ನೀವೊಬ್ಬರೇ ಉಳಿದಿರಿ ಸಾರ್, ಒಂದೊಂದು ಸರಿಯಾಗಿ ಎತ್ತಿಬಿಟ್ಟರೆ ಚಿನ್ನ ನಿಮ್ಮದೇ ಎಂದು ಟೇಬಲ್ಲಿನವರು ಹೇಳಿದಾಗ ಮಾತ್ರ ಚೂರು ಚುಚ್ಚಿದಂತಾಯಿತು. ಆದರೆ ನಲವತ್ತು ದಾಟಿದವರ ವಿಭಾಗದ ಎಲ್ಲ ಕ್ಲಾಸಿನವರೂ ಒಂದೇ ವೇದಿಕೆಯ ಮೇಲೆ, ಒಂದೇ ಸರಳು ಎತ್ತುವುದು. ಕ್ಲಾಸು ಬೇರೆಯಾದರೂ ಮೊತ್ತ ಎಲ್ಲರ ಕಣ್ಣಿಗೆ ಕಾಣುತ್ತದೆ. ದುಶ್ಯಂತನಿಗಿಂತ ಹೆಚ್ಚು ಎತ್ತಿಯೇ ಗೆಲ್ಲುತ್ತೇನೆ, ಆಗ ಯಾರೂ ಮಾತಾಡುವಂತಿಲ್ಲ ಎಂದುಕೊಂಡ.

ನಿಜ ಹೇಳಬೇಕು, ಅವತ್ತು ವೀರೇಂದ್ರ ಚೆನ್ನಾಗಿ ಎತ್ತಿದ. ಸ್ಕ್ವಾಟ್‌ನಲ್ಲಿ ಸರಿಯಾಗಿದೆ ಎಂಬ ತೀರ್ಪುಗಾರರ ಮೂರೂ ಬಿಳಿ ದೀಪ ಹೊತ್ತಿಸಿಕೊಂಡ, ಬೆಂಚ್‌ನಲ್ಲಿ ದುಶ್ಯಂತನನ್ನು ಹಿಂದೆ ಹಾಕಿದ. ಡೆಡ್‌ಲಿಫ್ಟಿನ ಕೊನೆಯ ಸರದಿಗೆ ಇನ್ನೂರ ಹದಿನೈದು ಕಿಲೋ ಹಾಕಿಸಿ, ಹಲ್ಲು ಕಚ್ಚಿ, ಕಾಲು ನಡುಗಿಸುತ್ತಲೇ ಎತ್ತಿ ನಿಲ್ಲಿಸಿದ. ಅವನ ಇಡೀ ಜೀವಮಾನದ ಅತಿ ಹೆಚ್ಚಿನ ಮೊತ್ತ ಅದು. ಬೆವರು ಒರೆಸಿಕೊಳ್ಳುತ್ತಾ ಬೋರ್ಡಿನ ಮೇಲೆ ದುಶ್ಯಂತನ ಸಾಲು ನೋಡಿದ. ಹೂವಪ್ಪ ಆಗಲೇ ಬಹಳ ಮುಂದೆ ಇದ್ದ. ಅವನನ್ನು ಹಿಂದಿಕ್ಕಬೇಕಾದರೆ ದುಶ್ಯಂತ್ ಇನ್ನೂರ ಮೂವತ್ತು ಎತ್ತಬೇಕು. ಇಷ್ಟು ವರ್ಷದಲ್ಲಿ ಅವನು ಇನ್ನೂರ ಹದಿನೇಳೂವರೆಯ ಮೇಲೆ ಕೈಯಿಟ್ಟದ್ದನ್ನು ಯಾರೂ ನೋಡಿರಲಿಲ್ಲ. ಆಯಿತು, ಇವತ್ತು ಇವನ ಮೀಸೆ ಮಣ್ಣಾಯಿತು ಎಂದು ವೀರೇಂದ್ರ ನೀರಿನ ಬಾಟಲಿ ಎತ್ತಿದ.

ದುಶ್ಯಂತ್ ಟೇಬಲ್ಲಿಗೆ ಹೋಗಿ ಇನ್ನೂರ ನಲವತ್ತು ಹಾಕಿ ಎಂದ. ಅಷ್ಟು ಬೇಡ, ಇನ್ನೂರ ಮೂವತ್ತಕ್ಕೇ ನಿಮ್ಮ ಕೆಲಸ ಆಗುತ್ತದೆ ಎಂದು ಅವರು ಲೆಕ್ಕ ಹೇಳಿದರು. ಇರಲಿ ಹಾಕಿ, ಇವತ್ತು ಹೊಟ್ಟೆ ತುಂಬಿದೆ ಎಂದ. ಆಮೇಲೆ ವೀರೇಂದ್ರನ ಹತ್ತಿರ ಬಂದು ಬೆನ್ನು ತಿರುಗಿಸಿ ನಿಂತ. ನಡುವಿನ ಬೆಲ್ಟ್ ಬಿಗಿದು, ಬೆನ್ನಿಗೆ ಒಂದು ಏಟು ಕೊಟ್ಟು ಕಳಿಸುವುದು ಈ ಆಟದಲ್ಲಿ ಗೆಳೆಯರ ಕೆಲಸ. ವೀರೇಂದ್ರ ಬೆಲ್ಟ್ ಬಿಗಿದ. ಇಷ್ಟು ವರ್ಷದ ಸಿಟ್ಟನ್ನೆಲ್ಲ ಅಂಗೈಗೆ ತಂದು ಬೆನ್ನಿಗೆ ಬಾರಿಸಿದ. ಏಟಿನ ಸದ್ದಿಗೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಭೇಷ್ ಎಂದು ದುಶ್ಯಂತ್ ವೇದಿಕೆ ಹತ್ತಿದ.

ಅವನು ಎತ್ತಿದ್ದನ್ನು ಹೇಗೆ ಹೇಳುವುದು? ಏನೂ ಕಷ್ಟಪಡಲಿಲ್ಲ. ಬಗ್ಗಿದ, ಹಿಡಿದ, ಎದ್ದು ನಿಂತ. ಸರಳು ಎರಡೂ ತುದಿಯಲ್ಲಿ ಬಾಗಿತ್ತು, ಅವನ ಮುಖದಲ್ಲಿ ಒಂದು ನರವೂ ಉಬ್ಬಿರಲಿಲ್ಲ. ತೀರ್ಪುಗಾರ ಇಳಿಸು ಎಂದು ಕೈ ಮಾಡಿದಾಗ ನಿಧಾನವಾಗಿ ಇಳಿಸಿದ. ಮೂರೂ ಬಿಳಿ ದೀಪ. ಮಂಟಪವೇ ಎದ್ದು ನಿಂತಿತು. ಹೂವಪ್ಪ ಓಡಿಹೋಗಿ ಅವನನ್ನು ಎತ್ತಿಕೊಂಡ. ಚಪ್ಪಾಳೆ ತಟ್ಟದೆ ಕುಳಿತಿದ್ದವನು ವೀರೇಂದ್ರ ಒಬ್ಬನೇ.

ದುಶ್ಯಂತ್ ಹಿಂದಿನ ಕೋಣೆಗೆ ಬಂದು ಕೈಗೆ ಮೆತ್ತಿದ ಚಾಕ್ ಪುಡಿ ಒರೆಸಿಕೊಳ್ಳುತ್ತಿದ್ದಾಗ ವೀರೇಂದ್ರ ಹೋಗಿ ಎದುರಿಗೆ ನಿಂತ.

"ಇಷ್ಟು ವರ್ಷ ಎಲ್ಲಿತ್ತೋ ಇದು?"

"ಇತ್ತು ಮಾರಾಯ. ಗರಡಿಯಲ್ಲಿ ಒಬ್ಬನೇ ಇದ್ದಾಗ ಎತ್ತಿ ನೋಡ್ತಿದ್ದೆ."

"ಮತ್ತೆ ಸ್ಪರ್ಧೆಯಲ್ಲಿ?"

ದುಶ್ಯಂತ್ ಮುಖ ಎತ್ತಿದ. ಇದನ್ನೆಲ್ಲ ಯಾಕೆ ಕೇಳುತ್ತಿದ್ದಾನೆ ಎಂದು ಅವನಿಗೆ ಆಶ್ಚರ್ಯವಾದಂತಿತ್ತು. "ಅಲ್ಲಿ ನೀನಿರ್ತಿದ್ದೆ. ಗೆಲ್ಲೋಕೆ ಎಷ್ಟು ಬೇಕೋ ಅಷ್ಟು ಎತ್ತಿದ್ರೆ ಆಯ್ತಲ್ಲ. ಜನರ ಮುಂದೆ ನಿನ್ನ ಮೇಲೆ ಇಪ್ಪತ್ತು ಕಿಲೋ ಹೊಡೆದು ತೋರ್ಸೋಕೆ ನಂಗೆ ಮನಸ್ಸು ಬರ್ತಿರಲಿಲ್ಲ. ಇವತ್ತು ನೀನು ನನ್ನ ಕ್ಲಾಸಲ್ಲಿ ಇರಲಿಲ್ಲ ನೋಡು."

ಅದರಲ್ಲಿ ದೊಡ್ಡಸ್ತಿಕೆ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಹೇಳುವಂತೆ ಹೇಳಿದ. ತೊಂಬತ್ಮೂರಕ್ಕೆ ಎಂದೋ ಹೋಗಬಹುದಿತ್ತು, ಆದರೆ ನಿನ್ನ ಬಿಟ್ಟು ಬೇರೆ ಕ್ಲಾಸಲ್ಲಿ ಎತ್ತುವುದರಲ್ಲಿ ಏನು ಮಜಾ ಎಂದು ವರ್ಷವರ್ಷ ಹಸಿದುಕೊಂಡೇ ಇದ್ದೆ ಎಂದೂ ಹೇಳಿದ. ಇನ್ನು ಮೈ ಕೇಳುವುದಿಲ್ಲ, ಇನ್ನು ಮೇಲೆ ತೊಂಬತ್ಮೂರೇ. ಕೋಳಿ ಕೊಡದ ಶಕ್ತಿಯನ್ನು ಅತ್ತಿಗೆಯ ಹೋಳಿಗೆ ಕೊಟ್ಟಿತು, ಅವರಿಗೆ ಹೇಳಿಬಿಡು ಎಂದು ವೀರೇಂದ್ರನ ಹೊಟ್ಟೆಗೆ ಮೆಲ್ಲಗೆ ಗುದ್ದಿ, ಪುಟ್ಟಲಕ್ಷ್ಮಿಯನ್ನು ಹುಡುಕಿಕೊಂಡು ಹೋದ.

ವೀರೇಂದ್ರ ಅಲ್ಲೇ ಇದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಸಿದ. ಎರಡೂವರೆ ಕಿಲೋ ಎಂದರೆ ಕೈ ಚಾಚಿದರೆ ಸಿಗುವಂಥದ್ದು, ಇಂದಲ್ಲ ನಾಳೆ ಸಿಕ್ಕೇ ಸಿಗುತ್ತದೆ ಎಂದು ನಂಬಿಯೇ ಅವನು ಇಷ್ಟು ವರ್ಷ ಬೆಳಗಿನ ಜಾವ ಎದ್ದದ್ದು. ಅದರ ಹಿಂದೆ ಇನ್ನೂ ಇಪ್ಪತ್ತೆರಡೂವರೆ ಕಿಲೋ ಅಡಗಿತ್ತು. ದುಶ್ಯಂತ್ ಅದನ್ನು ಬಚ್ಚಿಟ್ಟು, ಗೆಳೆಯನ ಮರ್ಯಾದೆ ಉಳಿಯುವಷ್ಟೇ ಅಂತರದಲ್ಲಿ ಗೆದ್ದುಕೊಂಡು ಬಂದಿದ್ದ. ತಾನು ಪೈಪೋಟಿ ಎಂದುಕೊಂಡದ್ದು ಅವನು ಹಾಕಿದ ಭಿಕ್ಷೆ. ಬೈಯೋಣವೆಂದರೆ ಬೈಯಲು ಏನೂ ಸಿಗಲಿಲ್ಲ. ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ಪದಕ ಕೊಡುವಾಗ ಎಂಬತ್ಮೂರು ಕಿಲೋ ಎಂದು ಮೈಕಿನಲ್ಲಿ ಕರೆದರು. ಪ್ರಥಮ ಸ್ಥಾನ, ವೀರೇಂದ್ರ, ಶಿವಮೊಗ್ಗ. ಎರಡು, ಮೂರು ಯಾರೂ ಇಲ್ಲ ಎಂದು ಮೈಕಿನವನು ಬೇರೆ ಸೇರಿಸಿದ. ವೀರೇಂದ್ರ ಮೊದಲ ಮೆಟ್ಟಿಲು ಹತ್ತಿ ನಿಂತ. ಕೆಳಗೆ ಎಡಗಡೆಯ ಮೆಟ್ಟಿಲಿನ ಮೇಲೆ ಯಾರೋ ಬಿಟ್ಟುಹೋದ ನೀರಿನ ಬಾಟಲಿ ಇತ್ತು. ಯಾರೋ ಪುಢಾರಿ ಬಂದು ಅವನ ಕತ್ತಿಗೆ ಚಿನ್ನದ ಬಣ್ಣದ ಪದಕ ಹಾಕಿ ಕೈ ಕುಲುಕಿದರು. ಹಿಂದಿನ ಸಾಲಿನಲ್ಲಿ ಜಗದಾಂಬಾ ಕೈ ಕಟ್ಟಿಕೊಂಡು ಕುಳಿತಿದ್ದಳು. ಕಲ್ಯಾಣ ಮಂಟಪದಲ್ಲಿ ಚಪ್ಪಾಳೆ ಚೆದುರಿ ಚೆದುರಿ ಬಿತ್ತು. ಅದರ ನಡುವೆ ಒಬ್ಬನದು ಮಾತ್ರ ನಿಲ್ಲಲೇ ಇಲ್ಲ. ದುಶ್ಯಂತ್ ಮುಂದಿನ ಸಾಲಿನ ಕುರ್ಚಿಯ ಮೇಲೆ ಹತ್ತಿ ನಿಂತು ಎರಡೂ ಕೈ ತಲೆಯ ಮೇಲೆತ್ತಿ ತಟ್ಟುತ್ತಿದ್ದ.

ವೀರೇಂದ್ರನ ಕಣ್ಣಲ್ಲಿ ನೀರು ಬಂತು. ತಡೆಯಲು ನೋಡಿದ, ಆಗಲಿಲ್ಲ. ದುಶ್ಯಂತ್ ಅದನ್ನು ಕಂಡು ಪುಟ್ಟಲಕ್ಷ್ಮಿಯ ಭುಜ ಅಲುಗಿಸಿ ತೋರಿಸಿದ.

"ನೋಡೇ, ಎಷ್ಟು ವರ್ಷದ ಆಸೆ ಅವನದು."

ಹಾಗೆಂದವನ ಕಣ್ಣೂ ಒದ್ದೆಯಾಗಿತ್ತು. ವೇದಿಕೆಯ ಮೇಲಿಂದ ವೀರೇಂದ್ರನಿಗೆ ಅದು ಚೆನ್ನಾಗಿ ಕಂಡಿತು. ಅಷ್ಟು ವರ್ಷ ದುಶ್ಯಂತನ ಪಕ್ಕದಲ್ಲಿ ನಿಂತು, ಅವನ ಗೆಲುವಿಗೆ ಅವನಷ್ಟೇ ಜೋರಾಗಿ ಚಪ್ಪಾಳೆ ತಟ್ಟಿದ್ದರೂ, ತನಗೆ ಒಂದು ಸಲವೂ ಹಾಗೆ ಕಣ್ಣು ತುಂಬಿರಲಿಲ್ಲ. ಈ ಮನಸ್ಸೂ ಅವನಿಗೇ ಸಿಕ್ಕಿತಲ್ಲ ಎಂದು ಹೊಟ್ಟೆ ಮತ್ತೆ ಉರಿಯತೊಡಗಿತು.